ಹತ್ತೊಂಬತ್ತನೇ ಕಂತಿನ ಧ್ವನಿ

ಮನೆ, ಊಟದ ಮೇಜು
ಮಾರ್ಚ್ 3, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಡೀ ದಿನ ಕೂತು ಚೀಟಿ ಬರೆದು ಎದ್ದರೆ ಕಾಲು ನನ್ನದೇ ಅಲ್ಲ ಅನಿಸುತ್ತದೆ ಎಂದು ನೀನೇ ಅಂದಿದ್ದೆ. ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡು. ಭಾವನ ಸಕ್ಕರೆ ಹತೋಟಿಯಲ್ಲಿದೆಯೇ? ಬಿಸ್ಕತ್ತಿನ ಡಬ್ಬವನ್ನು ಈಗ ಎಲ್ಲಿ ಬಚ್ಚಿಡುತ್ತಿದ್ದೀಯ? ನಾನು ಚೆನ್ನಾಗಿದ್ದೇನೆ. ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಹಾಗೇ ನಡೆದಿದೆ, ಕನ್ನಡಕದ ನಂಬರು ಮಾತ್ರ ಏರಿದೆ. ಫೋನ್ ಮಾಡದೆ ಕಾಗದ ಯಾಕೆ ಬರೆದೆ ಎಂದು ಕೇಳಬೇಡ. ಫೋನಿನಲ್ಲಿ ಅಪ್ಪ ಅಂದ ಕೂಡಲೇ ನೀನು "ಹಾಲು ಉಕ್ತಿದೆ, ಇಡ್ತೀನಿ" ಅನ್ನುತ್ತೀಯ. ಇಷ್ಟು ವರ್ಷ ಉಕ್ಕಿದ ಹಾಲಿನಲ್ಲಿ ಒಂದು ಡೇರಿ ನಡೆಸಬಹುದಿತ್ತು. ಕಾಗದವನ್ನಾದರೆ ನೀನು ಅರ್ಧಕ್ಕೆ ಬಿಡುವವಳಲ್ಲ.

ಸುದ್ದಿ ಇದು. ಅಪ್ಪನ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯಬೇಕೆಂದು ತೀರ್ಮಾನವಾಗಿದೆ. ತಿಳಿಸಿದ್ದು ಗಂಟಲಿನ ಡಾಕ್ಟರು, ಮೊನ್ನೆ ಶನಿವಾರ ಹನ್ನೊಂದೂವರೆಗೆ. ಗಡ್ಡೆ ದೊಡ್ಡದಾಗಿದೆ, ಬೇರೆ ಕಡೆಗೆ ಹರಡಿಲ್ಲ. ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಮಾತಿಗೆ ಇನ್ನೆಷ್ಟು ದಿನ ಇದೆ?" ಡಾಕ್ಟರು ಕ್ಯಾಲೆಂಡರ್ ನೋಡಿ "ಹನ್ನೆರಡು ದಿನ, ಯಜಮಾನ್ರೇ" ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪನೇ ನನ್ನನ್ನು ನಗಿಸಲು ನೋಡಿದರು. "ನಿಮ್ಮಮ್ಮ ಇದ್ದಿದ್ರೆ, ಅಂತೂ ಈ ಮನೇಲಿ ಕೊನೇ ಮಾತು ನಂದೇ ಆಯ್ತು ಅಂತಿದ್ಲು" ಅಂದರು. ಆ ಮಾತನ್ನೂ ಬುಸುಗುಟ್ಟುವಂಥ ಒರಟು ಪಿಸುದನಿಯಲ್ಲೇ ಹೇಳಿದರು. ಪಕ್ಕದಲ್ಲಿದ್ದವರು ಜಗಳವೇನೋ ಎಂದು ನಮ್ಮ ಕಡೆ ತಿರುಗಿದರು.

ನಾವು ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಗಿಲ ಬಳಿ ಒಂದು ಪೊಟ್ಟಣ ಇತ್ತು. 'ಹನ್ನೊಂದನೇ ನಿಲ್ದಾಣ' ಧಾರಾವಾಹಿಯ ಡಿವಿಡಿ ಪೆಟ್ಟಿಗೆ. ಮೂವತ್ತೆಂಟು ವರ್ಷದ ಹಿಂದಿನ ಆ ರಟ್ಟಿನ ಆಕಾಶನೌಕೆ, ಬೆಳ್ಳಿ ಬಣ್ಣ ಬಳಿದ ಗಂಬೂಟು ಎಲ್ಲ ಈಗ ಹೊಳೆಯುವ ಆರು ತಟ್ಟೆಗಳಲ್ಲಿ ಕೂತಿವೆ. ಒಟ್ಟು ಇಪ್ಪತ್ತಾರು ಕಂತು, ಚಿತ್ರ ಇರುವುದು ಇಪ್ಪತ್ತೈದಕ್ಕೆ. ಆರನೇ ತಟ್ಟೆಯ ತುಂಬ ಹೆಚ್ಚುವರಿ ಸಂಗತಿಗಳು. ನೌಕೆಯ ನಕ್ಷೆಗಳಿವೆ, ಕಪ್ತಾನನ ಅಂಟುಮೀಸೆ ಕಳಚಿ ಚಹಾದ ಲೋಟಕ್ಕೆ ಬೀಳುವ ತುಣುಕಿದೆ (ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ), ನಟರಿಗೆ ಬಣ್ಣ ಹಚ್ಚುತ್ತಿದ್ದವರ ಸಂದರ್ಶನವಿದೆ. ಪಟ್ಟಿಯ ಕೊನೆಯಲ್ಲಿ 'ಕಳೆದುಹೋದ ಹತ್ತೊಂಬತ್ತನೇ ಕಂತು: ಮರುಜೋಡಣೆ' ಎಂದಿದೆ. ಕೆಳಗೆ ನಿನ್ನ ಹೆಸರು. ಅಕ್ಷರ ತಪ್ಪಿಲ್ಲ, ಎರಡು ಸಲ ನೋಡಿದೆ.

ಆ ಕಂತಿನ ಚಿತ್ರ ಎಲ್ಲೂ ಇಲ್ಲ. ಸೆಟ್ಟಿನಲ್ಲಿ ತೆಗೆದ ನಲವತ್ತೊಂದು ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿ, ಹಿಂದೆ ಧ್ವನಿ ಕೇಳಿಸಿದ್ದಾರೆ. ಎಲ್ಲರೂ ಸತ್ತುಹೋದ ನೌಕೆಯಲ್ಲಿ ಉಳಿದ ಒಬ್ಬಳೇ ಹುಡುಗಿ ರೇಡಿಯೋದಲ್ಲಿ ಭೂಮಿಯನ್ನು ಕರೆಯುತ್ತಾಳೆ. ಆ ಹುಡುಗಿ ನೀನು, ಆಗ ನಿನಗೆ ಹದಿನಾರು. "ಯಾರಾದ್ರೂ ಕೇಳ್ತಿದ್ದೀರಾ?" ಎಂದು ಐದು ಸಲ ಕೇಳುತ್ತೀಯ, ಒಂದು ಸಲ ಕೇಳಿದಂತೆ ಇನ್ನೊಂದು ಸಲ ಇಲ್ಲ. ಆ ಧ್ವನಿ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ನಮ್ಮ ಮನೆಯ ಕ್ಯಾಸೆಟ್ಟಿನಿಂದ. ಪ್ರಸಾರವಾದ ಸಂಜೆ ಅಪ್ಪ ಟಿವಿಯ ಮುಂದೆ ರೆಕಾರ್ಡರ್ ಹಿಡಿದು ಮಂಡಿಯೂರಿ ಕೂತಿದ್ದರು. ನೀನು ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದ್ದೆ, ನೋಡಿರಲಿಕ್ಕಿಲ್ಲ. ಆ ಕ್ಯಾಸೆಟ್ಟನ್ನು ಅಪ್ಪ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಇಷ್ಟು ವರ್ಷ ಇಟ್ಟುಕೊಂಡಿದ್ದರು.

ಅಪ್ಪನದೂ ಒಂದು ಸಂದರ್ಶನ ಇದೆ, ಹದಿನಾಲ್ಕು ನಿಮಿಷ. ಕಳೆದ ವರ್ಷ ಡಿವಿಡಿ ಕಂಪನಿಯ ಹುಡುಗಿಯೊಬ್ಬಳು ಬಂದು, ಕಿಟಕಿಗೆ ಕಂಬಳಿ ಕಟ್ಟಿ, ಇದೇ ಮೇಜಿನ ಬಳಿ ಧ್ವನಿಮುದ್ರಿಸಿಕೊಂಡಳು. ಟೇಪು ಭಂಡಾರದ ಮೇಲ್ವಿಚಾರಕರಾಗಿ ಅವರು ಮಾಡುತ್ತಿದ್ದ ಕೆಲಸವನ್ನೆಲ್ಲ ಹೇಳಿದ್ದಾರೆ. ಆಗ ಟೇಪು ಸುಲಭಕ್ಕೆ ಸಿಗುತ್ತಿರಲಿಲ್ಲ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೇ ಇನ್ನೊಂದು ತುಂಬುತ್ತಿದ್ದರು. ಡಬ್ಬದ ಬೆನ್ನಿಗೆ ದುಂಡನೆಯ ಕೆಂಪು ಚೀಟಿ ಅಂಟಿಸಿದ್ದರೆ ಇಡಬೇಕು, ಇಲ್ಲದಿದ್ದರೆ ಅಳಿಸಬಹುದು. ತಿಂಗಳ ಕೊನೆಗೆ ಅಪ್ಪ ಸಾಲಾಗಿ ನೋಡುತ್ತಾ ಹೋಗಿ, ಅಳಿಸುವ ಡಬ್ಬಗಳ ಪಟ್ಟಿಗೆ ಸಹಿ ಹಾಕುತ್ತಿದ್ದರು. ಆ ಹುಡುಗಿ "ಅಂಕಲ್, ಹತ್ತೊಂಬತ್ತನೇದು ಹೇಗೆ ಹೋಯ್ತು?" ಎಂದು ಕೇಳುತ್ತಾಳೆ. ಅಪ್ಪ "ನಾನೇ ಅಳಿಸಿದೆ. ಸಹಿ ನಂದೇ" ಅನ್ನುತ್ತಾರೆ. ಅವಳು "ಯಾಕೆ?" ಎನ್ನುತ್ತಾಳೆ. ಅಪ್ಪ ಲೋಟ ಕೆಳಗಿಡುವ ಸದ್ದು ಕೇಳುತ್ತದೆ. ಆಮೇಲೆ "ನೋಡಿ ಅಳಿಸ್ಬೇಕಿತ್ತು, ನೋಡ್ಲಿಲ್ಲ. ಅದು ನನ್ನ ಮಗಳದು" ಅನ್ನುತ್ತಾರೆ. ಆಗಲೇ ಧ್ವನಿ ಒಡೆದಿದೆ. ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ ಎಂದು ನಾನು ಬಿಸಿನೀರು ಕೊಟ್ಟಿದ್ದೆ.

ನಿನಗೆ ಆ ದಿನ ಮರೆತಿರುವುದಿಲ್ಲ. ಸಿನಿಮಾದವರು ನಿನ್ನ ನಟನೆ ನೋಡಬೇಕೆಂದು ಕೇಳಿದ್ದರು. ನೀನು ಅವರನ್ನು ಭಂಡಾರಕ್ಕೆ ಕರೆದುಕೊಂಡು ಹೋದೆ, ಅಪ್ಪ ಡಬ್ಬ ತೆಗೆದು ಯಂತ್ರಕ್ಕೆ ಹಾಕಿದರು, ಪರದೆಯ ಮೇಲೆ ಈಜು ಸ್ಪರ್ಧೆ ಬಂತು. ಬೇರೆ ಹುಡುಗಿಗೆ ಆ ಪಾತ್ರ ಸಿಕ್ಕಿತು. "ಬಣ್ಣ ಹಚ್ಚಿದ್ದು ಸಾಕು, ಪರೀಕ್ಷೆಗೆ ಓದು" ಎಂದು ಅಪ್ಪ ಅದಕ್ಕೂ ಮೊದಲೇ ನೂರು ಸಲ ಅಂದಿದ್ದರಿಂದ ನೀನು ಎರಡನ್ನೂ ಕೂಡಿಸಿ ನೋಡಿದೆ. "ಬೇಕಂತಲೇ ಮಾಡಿದ್ರಾ?" ಎಂದು ಕೇಳಿದೆ. ಅಪ್ಪ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಅಂದು ನೀನು ಅವರೊಡನೆ ಬಿಟ್ಟ ಮಾತು ಬಿಟ್ಟದ್ದೇ. ಅಮ್ಮ ಹೋದಾಗಲೂ ನೀನು ಬಂದು ಎಲ್ಲರನ್ನೂ ಮಾತಾಡಿಸಿ, ಅಪ್ಪ ಕೂತಿದ್ದ ಕುರ್ಚಿಯನ್ನು ಸುತ್ತಿಕೊಂಡು ಹೊರಗೆ ನಡೆದೆ.

ಈಗ ಅಪ್ಪ ದಿನಕ್ಕೆ ಮೂರು ಸಲ ಆರನೇ ತಟ್ಟೆ ಹಾಕಿಸುತ್ತಾರೆ. ಪರದೆ ನೋಡುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತಾರೆ. "ಇಲ್ಲಿ ಉಸಿರು ತಗೊಂಡ್ಲು ನೋಡು" ಎಂದು ಬೆರಳೆತ್ತುತ್ತಾರೆ. ನಿನ್ನೆ ಫೋನ್ ಎತ್ತಿಕೊಂಡು ನಿನ್ನ ನಂಬರು ಒತ್ತಲು ಹೊರಟು, ಕೊನೆಯ ಅಂಕಿಗೆ ಬಂದು ಕೆಳಗಿಟ್ಟರು. "ಅವಳು ಕೆಲಸದಲ್ಲಿರ್ತಾಳೆ" ಅಂದರು. ಇವತ್ತು ಭಾನುವಾರ ಅಪ್ಪಾ ಅಂದೆ. "ಹಾಗಾದ್ರೆ ಮಲಗಿರ್ತಾಳೆ" ಅಂದರು. ಆಗ ಮಧ್ಯಾಹ್ನ ಹನ್ನೆರಡು ಗಂಟೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗಳಿಗೆ ಪ್ರೀತಿ. ಅಪ್ಪ ನಿನಗೆ ಏನನ್ನೂ ಹೇಳಿಕಳಿಸಿಲ್ಲ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನಿನ್ನ
ಬಾಲಂಗೋಚಿ

ತಾ.ಕ.: ಕೊರಿಯರಿನವನು ಐದಕ್ಕೆ ಬರುತ್ತಾನೆ, ಬೇಗ ಬರೆಯುತ್ತೇನೆ. ಆ ಡಬ್ಬಕ್ಕೆ ಕೆಂಪು ಚೀಟಿ ಇತ್ತು. ಅಪ್ಪನೇ ಅಂಟಿಸಿದ್ದರು, ಅದರ ಮೇಲೆ 19 ಎಂದು ಬರೆದಿದ್ದರು. ಕಿತ್ತವಳು ನಾನು. ನನಗೆ ಒಂಬತ್ತು ವರ್ಷ. ಶಾಲೆಗೆ ರಜೆ, ಅಪ್ಪ ನನ್ನನ್ನು ಭಂಡಾರಕ್ಕೆ ಕರೆದೊಯ್ದಿದ್ದರು. ನಾನು ಮಾಡಿದ ರಟ್ಟಿನ ನೌಕೆಗೆ ಕೆಂಪು ದೀಪ ಬೇಕಿತ್ತು. ಅಲ್ಲಿ ನೂರಾರು ಚೀಟಿ ಇದ್ದವು. ನಿನ್ನ ಹೆಸರಿದ್ದ ಡಬ್ಬದ್ದೇ ಬೇಕು ಎಂದು ಹುಡುಕಿ ಕಿತ್ತೆ. ಈಜು ಸ್ಪರ್ಧೆ ಕಂಡ ದಿನ ಸಂಜೆ ಅಪ್ಪ ಮಂಚದ ಕೆಳಗೆ ನನ್ನ ನೌಕೆ ನೋಡಿದರು. ಬೈಯಲಿಲ್ಲ. "ಇದು ನಮ್ಮಿಬ್ಬರಲ್ಲೇ ಇರಲಿ. ಅವಳ ಸಿಟ್ಟು ನನ್ನ ಮೇಲಿದ್ರೆ ನಾಲ್ಕು ದಿನಕ್ಕೆ ಆರುತ್ತೆ. ನಿನ್ನ ಮೇಲೆ ಬಿದ್ರೆ ನೀವಿಬ್ರೂ ಅಕ್ಕತಂಗಿಯರಾಗಿ ಉಳಿಯಲ್ಲ" ಅಂದರು. ನಾಲ್ಕು ದಿನ ಮೂವತ್ತೇಳು ವರ್ಷ ಆಯಿತು. ನಾನು ದೊಡ್ಡವಳಾದೆ, ಬಾಯಿ ಬಿಡಲಿಲ್ಲ. ಭಾನುವಾರ ಸಂಜೆಯ ನಿನ್ನ ಫೋನು ತಪ್ಪಿಹೋಗುತ್ತದೆಂಬ ಭಯ. ಆ ತಟ್ಟೆಯಲ್ಲೂ ಅವರು ನನ್ನನ್ನು ಹೇಳಿಲ್ಲ. ನನ್ನನ್ನು ಮಾತಾಡಿಸದಿದ್ದರೂ ಸರಿ, ಅವರಿಗೆ ಫೋನ್ ಮಾಡು. ಬೆಳಿಗ್ಗೆ ಹತ್ತರ ತನಕ ಧ್ವನಿ ಸ್ವಲ್ಪ ಸ್ಪಷ್ಟವಾಗಿರುತ್ತದೆ. ಆಸ್ಪತ್ರೆಗೆ ಸೇರಿಸುವುದು 12ನೇ ತಾರೀಖು ಬುಧವಾರ ಸಂಜೆ ನಾಲ್ಕಕ್ಕೆ. ಶಸ್ತ್ರಚಿಕಿತ್ಸೆ ಗುರುವಾರ ಬೆಳಿಗ್ಗೆ ಎಂಟಕ್ಕೆ.