ಡಮ್ಮಿ ಔಟ್‌ಪುಟ್

ಜೂನ್ 3, ಮಂಗಳವಾರ. ಬೆಳಗ್ಗೆ 7:20

ಲ್ಯಾಪ್‌ಟಾಪ್ ಆನ್ ಮಾಡಿ ಹಲ್ಲುಜ್ಜಿ ಬಂದೆ. ಚಕ್ರ ತಿರುಗುತ್ತಿತ್ತು. ಗಡ್ಡ ಕೆರೆದುಕೊಂಡು ಬಂದೆ. ಇನ್ನೂ ಚಕ್ರ. ಒಟ್ಟು ಹನ್ನೊಂದು ನಿಮಿಷ. ಹೆಂಡತಿಯನ್ನು ‘ಟೀ ಆಯ್ತಾ’ ಎಂದು ಕೇಳಲು ಹನ್ನೊಂದು ನಿಮಿಷ ತೆಗೆದುಕೊಳ್ಳುವ ಗಂಡ. ಅಷ್ಟರಲ್ಲಿ ಟೀ ಆಗಿ, ಕುಡಿದು, ಲೋಟ ತೊಳೆದೂ ಆಗಿತ್ತು.

ನಿನ್ನೆ ಇನ್ನೂ ಚೆಂದ. ‘ನಿನ್ನ ಹೊಸ ಕನ್ನಡಕ’ ಎಂದು ಶುರು ಮಾಡಿ ಹ್ಯಾಂಗ್ ಆಯಿತು. ಇವಳು ಕಾದೂ ಕಾದೂ ಎದ್ದುಹೋದಳು. ಕಾಲು ಗಂಟೆಯ ಮೇಲೆ, ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಾಗ, ಒಳಗಿನಿಂದ ‘ತುಂಬಾ ಚೆನ್ನಾಗಿದೆ’ ಎಂದು ಕಿರುಚಿತು. ಆಕೆ ಬಂದ ಕೆಲಸವನ್ನೂ ಹೇಳದೆ ಹೊರಟುಹೋದಳು.

ಆಪರೇಷನ್ ಮಾಡಿಸಿ ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿ ಹದಿನಾಲ್ಕು ತಿಂಗಳಾಯಿತು. ನಾನು ಟೈಪ್ ಮಾಡಿದ್ದನ್ನು ಈ ಡಬ್ಬ ಓದಿ ಹೇಳಬೇಕು. ನನಗಿರುವ ದನಿ ಅದೊಂದೇ. ಫೋನಿನಲ್ಲೂ ಆಗುತ್ತದೆ. ಆದರೆ ನನ್ನ ಹೆಬ್ಬೆರಳಿಗೆ ಒಂದು ವಾಕ್ಯಕ್ಕೆ ಮೂರು ನಿಮಿಷ ಬೇಕು. ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು ಮೂರು ನಿಮಿಷ ಸುಮ್ಮನೆ ಕೂತದ್ದನ್ನು ಯಾರು ಕಂಡಿದ್ದಾರೆ?

ಹದಿನೆಂಟನೇ ತಾರೀಕು ಶಾಲೆಯಲ್ಲಿ ಡೆಮೊ ಕ್ಲಾಸ್. ಹೆಡ್‌ಮಿಸ್ ಹೇಳಿಕಳಿಸಿದ್ದಾರೆ. ಸರಿಹೋದರೆ ಮತ್ತೆ ಗಣಿತದ ಮೇಷ್ಟ್ರು. ಇಲ್ಲದಿದ್ದರೆ ಲೈಬ್ರರಿಯಲ್ಲಿ ಕೂತು ಪುಸ್ತಕಕ್ಕೆ ಸೀಲು ಹೊಡೆಯುವುದು. ಇಪ್ಪತ್ತಾರು ವರ್ಷ ಬೀಜಗಣಿತ ಹೇಳಿದವನು ನಾನು. ಸೀಲು ಹೊಡೆಯುವುದಿಲ್ಲ.

ಜೂನ್ 5, ಗುರುವಾರ. ಮಧ್ಯಾಹ್ನ

ವಿಂಡೋಸ್ ತೆಗೆದು ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕುವುದೆಂದು ತೀರ್ಮಾನ. ಎರಡು ದಿನದಿಂದ ಅದನ್ನೇ ಓದುತ್ತಿದ್ದೇನೆ. ಹಳೇ ಲ್ಯಾಪ್‌ಟಾಪಿನಲ್ಲೂ ಚುರುಕಾಗಿ ಓಡುತ್ತದಂತೆ. ಕನ್ನಡ ಓದಿ ಹೇಳುವ ಪ್ರೋಗ್ರಾಮೂ ಇದೆಯಂತೆ. ಪೆನ್‌ಡ್ರೈವ್ ಸಿದ್ಧ ಮಾಡಿದೆ. ಎರಡನೇ ಪ್ರಯತ್ನಕ್ಕೆ ಆಯಿತು. ಮೊದಲ ಸಲ ಫೈಲನ್ನು ಸುಮ್ಮನೆ ಕಾಪಿ ಮಾಡಿದ್ದೆ. ಹಾಗೆ ಮಾಡಿದರೆ ಅದರಿಂದ ಲ್ಯಾಪ್‌ಟಾಪ್ ಶುರುವಾಗುವುದಿಲ್ಲ, ಅದನ್ನು ಬರೆಯಲು ಬೇರೆಯೇ ಪ್ರೋಗ್ರಾಮ್ ಬೇಕು.

ಇವಳಿಗೆ ಸುತರಾಂ ಇಷ್ಟವಿಲ್ಲ.

“ನಡೀತಿರೋದನ್ನ ಯಾಕೆ ಕೆಣಕ್ತೀರಾ? ಹದಿನೆಂಟು ಕಳೀಲಿ ರೀ.”

‘ನಡೆಯುತ್ತಿಲ್ಲ, ತೆವಳುತ್ತಿದೆ’ ಎಂದು ಟೈಪ್ ಮಾಡಿದೆ. ಅದು ಹೇಳುವ ಹೊತ್ತಿಗೆ ಇವಳು ಅಡುಗೆಮನೆ ಸೇರಿಯಾಗಿತ್ತು. ನೋಡು, ಇದಕ್ಕೇ ಬೇಕು ಎನ್ನುವುದು!

ಜೂನ್ 6, ಶುಕ್ರವಾರ. 10:15

ಆನ್ ಮಾಡಿದ ತಕ್ಷಣ ಎಫ್-ಹನ್ನೆರಡು ಕೀ ಒತ್ತಬೇಕು. ಮೂರು ಸಲ ತಪ್ಪಿತು. ನಾಲ್ಕನೆಯದಕ್ಕೆ ಸಿಕ್ಕಿತು. ಪೆನ್‌ಡ್ರೈವಿನಿಂದಲೇ ಇಡೀ ಸಿಸ್ಟಮ್ ತೆರೆದುಕೊಂಡಿತು. ಇನ್‌ಸ್ಟಾಲ್ ಮಾಡುವ ಮುಂಚೆ ಹೀಗೇ ಒಂದೆರಡು ದಿನ ಓಡಿಸಿ ನೋಡಿ ಎನ್ನುತ್ತಾರೆ. ನೋಡಿದೆ, ಹತ್ತು ನಿಮಿಷ. ವೈಫೈ ಸಿಕ್ಕಿತು. ಕನ್ನಡ ಅಕ್ಷರ ಮೂಡಿತು. ಸಾಕು.

‘ಡಿಸ್ಕ್ ಪೂರ್ತಿ ಅಳಿಸಲೇ’ ಎಂದು ಕೇಳಿತು. ಫೋಟೊ, ಪ್ರಶ್ನೆಪತ್ರಿಕೆ ಎಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟಿದ್ದೇನೆ. ಹೂಂ ಅಂದೆ.

11:40

ನಲವತ್ತೆರಡು ಸೆಕೆಂಡ್! ಮೂರು ಸಲ ಆರಿಸಿ ಆನ್ ಮಾಡಿದೆ, ಸುಮ್ಮನೆ, ಖುಷಿಗೆ. ಇವಳನ್ನು ಕೈಹಿಡಿದು ಎಳೆದುತಂದು ತೋರಿಸಿದೆ. “ಹೂಂ, ಬೇಗ ಬಂತು,” ಎಂದಳು. ಮುಖದಲ್ಲಿ ನಗು ತಡೆದುಕೊಂಡಿದ್ದಳು, ನನಗೆ ಗೊತ್ತು.

12:05

ಶಬ್ದ ಬರುತ್ತಿಲ್ಲ.

ಜೂನ್ 7, ಶನಿವಾರ

ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಎಂದು ಇರಬೇಕಾದ ಜಾಗದಲ್ಲಿ ಎರಡೇ ಪದ: ಡಮ್ಮಿ ಔಟ್‌ಪುಟ್. ಅಂದರೆ ಸ್ಪೀಕರ್ ಕಾಣಿಸುತ್ತಿಲ್ಲ, ಇದೆಯೆಂದು ನಾಟಕ ಮಾಡುತ್ತಿದ್ದೇನೆ, ಎಂದರ್ಥ. ಮುಖದ ಮೇಲೆ ಹೊಡೆದಂತಾಯಿತು. ನನ್ನ ಗುರುತಿನ ಚೀಟಿಯ ಮೇಲೂ ಅದನ್ನೇ ಅಚ್ಚು ಹಾಕಿಸಬಹುದು.

ರೀಸ್ಟಾರ್ಟ್. ಅಪ್‌ಡೇಟ್. ರೀಸ್ಟಾರ್ಟ್. ವಾಲ್ಯೂಮ್ ನೂರು. ನೂರೈವತ್ತು. ಡಮ್ಮಿ.

ಪೆನ್‌ಡ್ರೈವಿನಿಂದ ಓಡಿಸಿದಾಗ ಶಬ್ದವನ್ನು ಪರೀಕ್ಷಿಸಲೇ ಇಲ್ಲ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದೊಂದನ್ನೇ ಬಿಟ್ಟೆ. ತಾಳೆ ನೋಡ್ರೋ, ತಾಳೆ ನೋಡ್ರೋ ಎಂದು ಇಪ್ಪತ್ತಾರು ವರ್ಷ ಮಕ್ಕಳ ಮುಂದೆ ಬಡಿದುಕೊಂಡವನು!

ಸಾಲದ್ದಕ್ಕೆ ಇನ್ನೊಂದು. ಹಳೆಯ ಪ್ರೋಗ್ರಾಮಿನಲ್ಲಿ ನಾನೂರ ಹನ್ನೆರಡು ಸಿದ್ಧ ವಾಕ್ಯಗಳಿದ್ದವು. ಒಂದು ಕೀ ಒತ್ತಿದರೆ ಒಂದು ಮಾತು. ಹದಿನಾಲ್ಕು ತಿಂಗಳು ಒಂದೊಂದಾಗಿ ಕೂಡಿಸಿದ್ದು. ಅವು ಆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಇದ್ದವು, ಪ್ರತ್ಯೇಕ ಫೈಲ್ ಎಂದು ನನಗೆ ಹೊಳೆಯಲೇ ಇಲ್ಲ. ಎಲ್ಲ ಹೋಯಿತು. ಇವಳಿಗೆ ಹೇಳಿಲ್ಲ. ಹೇಳುವುದಾದರೂ ಹೇಗೆ...

ಜೂನ್ 8, ಭಾನುವಾರ. ಸಂಜೆ

ಹೇಳಿದೆ. ಕಾಗದದ ಮೇಲೆ ಬರೆದು ತೋರಿಸಿದೆ. ಬೈಯುತ್ತಾಳೆಂದು ಕಾದೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

“ಟೈಪ್ ಮಾಡ್ಕೊಳ್ಳಿ, ನಾನು ಹೇಳ್ತೀನಿ. ‘ಫ್ಯಾನ್ ಆಫ್ ಮಾಡು.’ ‘ಫ್ಯಾನ್ ಯಾಕೆ ಆಫ್ ಮಾಡಿದೆ.’ ‘ಇದಕ್ಕೆ ಉಪ್ಪು ಯಾರು ಹಾಕಿದ್ದು.’ ‘ನಾನು ಆಗಲೇ ಹೇಳಿದೆ.’ ಅದು ದಿನಕ್ಕೆ ಹತ್ತು ಸಲ.”

ಎಲ್ಲ ಬಾಯಿಪಾಠ. ನನ್ನ ಮಾತೆಲ್ಲ ಇವಳ ಬಾಯಿಂದ ಸಾಲಾಗಿ ಬಂತು, ನನ್ನದೇ ಗತ್ತಿನಲ್ಲಿ. ಒಳ್ಳೆಯ ಮಾತು ಒಂದೂ ಇರಲಿಲ್ಲವಾ ಎಂದು ಬರೆದೆ. ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು.

“ಕನ್ನಡಕದ್ದೊಂದಿತ್ತು,” ಎಂದಳು.

ಸಂಜೆಯ ಹೊತ್ತಿಗೆ ನೂರಾ ಎಂಬತ್ತೇಳು ವಾಕ್ಯ. ಎಲ್ಲ ಇವೆ, ಹೇಳುವ ದನಿಯೊಂದಿಲ್ಲ.

ಜೂನ್ 11, ಬುಧವಾರ

ಬರೆಯಲು ಏನಿತ್ತು. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ ಕಮಾಂಡ್ ಕಾಪಿ ಮಾಡುವುದು, ರೀಸ್ಟಾರ್ಟ್, ಡಮ್ಮಿ. ನಿನ್ನೆ ಒಂದು ಕಮಾಂಡಿಗೆ ಪರದೆಯೇ ಕಪ್ಪಾಯಿತು. ಮೂಲೆಯಲ್ಲಿ ಒಂದು ಗೆರೆ ಮಿಟುಕಿಸುತ್ತ ಕೂತಿತ್ತು. ಬೆವರಿಳಿಯಿತು. ಮತ್ತೆ ಪೆನ್‌ಡ್ರೈವ್, ಮತ್ತೆ ಮೊದಲಿಂದ. ವಾಕ್ಯಗಳನ್ನು ಈ ಸಲ ಮೂರು ಕಡೆ ಇಟ್ಟಿದ್ದೆ.

ಲಿನಕ್ಸ್ ಬಳಸುವವರ ಗುಂಪೊಂದರಲ್ಲಿ ಕಷ್ಟ ಹೇಳಿಕೊಂಡೆ. ಗೂಬೆಯ ಚಿತ್ರ ಹಾಕಿಕೊಂಡ ಒಬ್ಬರು ತಕ್ಷಣ ಉತ್ತರಿಸಿದರು. ಫೋನ್ ಮಾಡಿ, ಹತ್ತು ನಿಮಿಷದ ಕೆಲಸ ಎಂದು ನಂಬರ್ ಕೊಟ್ಟರು. ನನಗೆ ಮಾತು ಬರುವುದಿಲ್ಲ ಎಂದು ಬರೆದೆ. ‘ಸಂಕೋಚ ಬೇಡ, ನಾನೂ ಹಾಗೇ ಇದ್ದೆ’ ಎಂದು ಉತ್ತರ ಬಂತು.

ಇವಳೇ ಮಾತಾಡಿದಳು. ಫೋನಿನ ಸ್ಪೀಕರ್ ಆನ್ ಮಾಡಿ ಮೇಜಿನ ಮೇಲಿಟ್ಟು. ನಾನು ಬರೆದುಕೊಡುವುದು, ಇವಳು ಓದುವುದು, ಹಾಗೆಂದು ಒಪ್ಪಂದ. ನಾನು ಬರೆದದ್ದು: ‘ಸೌಂಡ್ ಕಾರ್ಡ್ ಪತ್ತೆಯಾಗಿದೆ. ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಮಿನ ಆಯ್ಕೆ ತಪ್ಪುತ್ತಿದೆಯೆಂದು ನನ್ನ ಅನುಮಾನ.’ ಇವಳು ಹೇಳಿದ್ದು: “ಏನೋ ಡ್ರೈವರ್ ಅಂತಿದ್ದಾರೆ ಸರ್. ಪಾಪ, ನಾಲ್ಕು ದಿನದಿಂದ ಸರಿಯಾಗಿ ಊಟಾನೂ ಮಾಡಿಲ್ಲ. ನಮ್ಮೋರಿಗೆ ಇದೆಲ್ಲ ಹೊಸದು.”

ಪಾಪ! ಪೆನ್ನು ಬಿಸಾಡಿದೆ. ಇವಳು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ದುರುಗುಟ್ಟಿ ನೋಡಿದಳು.

“ನೀವು ಬರೆಯೋದನ್ನ ಹಾಗೇ ಓದಿದ್ರೆ ಯಾರೂ ಸಹಾಯಕ್ಕೆ ಬರಲ್ಲ. ಗೊತ್ತಾ?”

ಎದ್ದು ಮಹಡಿಗೆ ಹೋದೆ. ಅಲ್ಲೇ ಅಡ್ಡಾಡಿದೆ, ತಂತಿಯಿಂದ ತಂತಿಗೆ, ಒಣಹಾಕಿದ ಬಟ್ಟೆಗಳ ನಡುವೆ. ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲಿ, ಆಫೀಸುಗಳಲ್ಲಿ, ನೆಂಟರ ಮುಂದೆ ನನ್ನ ಪರವಾಗಿ ಇವಳು ಏನೇನು ಹೇಳಿದ್ದಾಳೋ. ನಾನು ಸಿಟ್ಟು ಮಾಡಿಕೊಂಡಾಗಲೆಲ್ಲ ಎದುರಿನವರು ನನ್ನನ್ನು ನೋಡಿ ಮರುಗುತ್ತಿದ್ದರು. ಯಾಕೆಂದು ಈಗ ತಿಳಿಯಿತು. ನನ್ನ ಸಿಟ್ಟಾದರೂ ನನ್ನದಾಗಿ ಇರಬೇಡವೇ? ಇವಳ ಮೇಲೆ ಕೋಪ ಬಂತು. ಇವಳಿಲ್ಲದಿದ್ದರೆ ಏನು ಗತಿ ಎಂದು ನೆನೆದು ಇನ್ನೂ ಕೋಪ ಬಂತು.

ಜೂನ್ 12, ಗುರುವಾರ. 11:10

ಗೂಬೆ ಸಾಹೇಬರು ಹೇಳಿದ್ದನ್ನು ಇವಳು ನೀಟಾಗಿ ಬರೆದಿಟ್ಟಿದ್ದಳು, ಚುಕ್ಕೆ ಗೆರೆ ಒಂದೂ ತಪ್ಪಿಲ್ಲ. ಒಂದು ಫೈಲ್ ತೆರೆದು ಕೊನೆಗೆ ಒಂದು ಸಾಲು ಸೇರಿಸಬೇಕು. ಹಳೆಯ ಡ್ರೈವರನ್ನೇ ಬಳಸು ಎಂದು ಸಿಸ್ಟಮ್‌ನ ಕಿವಿ ಹಿಂಡುವ ಸಾಲು. ಪಾಸ್‌ವರ್ಡ್. ಸೇವ್. ರೀಸ್ಟಾರ್ಟ್.

ಡಮ್ಮಿ ಇಲ್ಲ. ‘ಸ್ಪೀಕರ್ಸ್’ ಎಂದಿತ್ತು.

ಏನು ಟೈಪ್ ಮಾಡಬೇಕೆಂದೇ ತೋಚಲಿಲ್ಲ. ಒಂದು ಎರಡು ಮೂರು ಎಂದು ಹೊಡೆದೆ. ಹೇಳಿತು. ಮೂಗು ಕಟ್ಟಿದವನು ಬಕೆಟ್ಟಿನೊಳಗೆ ತಲೆಯಿಟ್ಟು ಮಾತಾಡಿದ ಹಾಗಿತ್ತು. ಅಳು ಬಂತು. ಅತ್ತೆ.

ಇವಳು ಓಡಿಬಂದಳು. “ಯಾರ್ರೀ ಅದು?”

‘ನಾನು’ ಎಂದಿತು.

“ಥೂ, ಹಳೇ ದನೀನೇ ವಾಸಿ ಇತ್ತು,” ಎಂದು ಅಲ್ಲೇ ಕುಸಿದು ಕೂತಳು. ಅವಳೂ ಅತ್ತಳು. ನಿನ್ನೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಜೂನ್ 17, ಮಂಗಳವಾರ. ಸಂಜೆ 5

ಐದು ದಿನದಿಂದ ರಿಹರ್ಸಲ್. ವೇಗ ಕಡಿಮೆ ಮಾಡಿದೆ. ಮಾತಿನ ನಡುವೆ ಬಿಡುವು ಸಿಗಲು ಅಲ್ಲಲ್ಲಿ ಕಾಮಾ ತುರುಕಿದೆ. ಇವಳೊಬ್ಬಳೇ ಮೂವತ್ತೆಂಟು ಮಕ್ಕಳಾಗಿ ಕೂತು ಆಕಳಿಸಿದಳು, ಪಿಸುಗುಟ್ಟಿದಳು, ನೀರು ಕುಡಿಯಲು ಹೋಗ್ಲಾ ಸರ್ ಎಂದು ಬೆರಳೆತ್ತಿದಳು. ಬೇಡ, ಕೂತ್ಕೋ. ಒಂದೇ ಕೀ. ಒಂದೂ ತಪ್ಪಲಿಲ್ಲ.

ನಾಳೆ ಇವಳೂ ಬರುತ್ತಾಳೆ, ಬ್ಯಾಗ್ ಹಿಡಿದುಕೊಳ್ಳಲು. ಬೇಡವೆಂದರೂ ಕೇಳುವುದಿಲ್ಲ. ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಚಾರ್ಜರ್ ಇಟ್ಟಿದ್ದೇನಾ ಎಂದು ಬ್ಯಾಗ್ ಆರು ಸಲ ಬಿಚ್ಚಿದೆ.

ಜೂನ್ 18, ಬುಧವಾರ. ಮಧ್ಯಾಹ್ನ 2

ಕ್ಲಾಸ್ ರೂಮಿನ ಆ ಸೀಮೆಸುಣ್ಣದ ವಾಸನೆ. ಹದಿನಾಲ್ಕು ತಿಂಗಳು! ಕತ್ತಿನ ತೂತಿನಿಂದ ಉಸಿರಾಡುವವನಿಗೆ ವಾಸನೆ ಮೊದಲಿನಷ್ಟು ತಿಳಿಯುವುದಿಲ್ಲ, ಆದರೂ ಬಂತು ಅನ್ನಿಸಿತು. ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ, ಇವಳು ಬಾಗಿಲ ಪಕ್ಕ. ಪ್ರೊಜೆಕ್ಟರಿನ ಕೇಬಲ್ ಚುಚ್ಚಿದೆ. ಗೋಡೆಯ ಮೇಲೆ ನನ್ನ ಪರದೆ ಮೂಡಿತು. ಮೊದಲ ಕೀ ಒತ್ತಿದೆ.

ಶಬ್ದವಿಲ್ಲ.

ಮತ್ತೆ ಒತ್ತಿದೆ. ಇಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಇವಳು ಕುರ್ಚಿಯಿಂದ ಅರ್ಧ ಎದ್ದಳು. ಬಂದು ನನ್ನ ಬದಲು ಓದಿಬಿಡುತ್ತಾಳೆಂದು ಭಯವಾಯಿತು, ಕೈಯೆತ್ತಿ ತಡೆದೆ. ಅಕ್ಷರ ದಪ್ಪ ಮಾಡಿದೆ, ಗೋಡೆ ತುಂಬುವಷ್ಟು. ಟೈಪ್ ಮಾಡಿದೆ: ‘ನನ್ನ ದನಿ ಇವತ್ತು ರಜೆ ಹಾಕಿದೆ. ಎಲ್ಲರೂ ಸೇರಿ ಗಟ್ಟಿಯಾಗಿ ಓದಿ.’

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಶುರು ಮಾಡಿದಳು. ಆಮೇಲೆ ಒಂದು ಸಾಲು. ಆಮೇಲೆ ಇಡೀ ಕ್ಲಾಸು. ಎಕ್ಸ್ ಅನ್ನು ಈ ಕಡೆಗೆ ತಂದರೆ ಚಿಹ್ನೆ ಏನಾಗುತ್ತದೆ? ನನ್ನ ಪ್ರಶ್ನೆಯನ್ನು ಅವರೇ ಕೂಗಿ ಅವರೇ ಉತ್ತರ ಹೇಳಿದರು. ನಡುವೆ ‘ಕಿಟಕಿ ಪಕ್ಕದ ಮಹಾಶಯರು ನಿದ್ದೆ ಹೊಡೆಯುತ್ತಿದ್ದಾರೆ’ ಎಂದು ಹೊಡೆದೆ. ಮೂವತ್ತೇಳು ಗಂಟಲು ಒಟ್ಟಿಗೆ ಕೂಗಿದವು. ಮಹಾಶಯರು ಧಡಕ್ಕನೆ ಎದ್ದು ನಿಂತು ‘ಮೈನಸ್ ಸರ್’ ಎಂದರು. ಉತ್ತರವೂ ಸರಿ ಇತ್ತು!

ನಲವತ್ತು ನಿಮಿಷ ಹೇಗೆ ಹೋಯಿತೋ. ಬಟ್ಟೆಯೆಲ್ಲ ಬೆವರು. ಹೆಡ್‌ಮಿಸ್ ಮುಂದೆ ಬಂದರು. ನನ್ನಿಂದ ಒಂದು ಮಾರು ದೂರದಲ್ಲಿ ನಿಂತು ಇವಳಿಗೆ ಹೇಳಿದರು:

“ಮಕ್ಕಳಿಗೇನೋ ಖುಷಿಯಾಯ್ತು. ಆದ್ರೆ ಮಿಷನ್ನು ಕೈಕೊಡ್ತಲ್ಲ. ಯೋಚನೆ ಮಾಡಿ ಎರಡು ದಿನದಲ್ಲಿ ಫೋನ್ ಮಾಡ್ತೀನಿ ಅಂತ ಸರ್‌ಗೆ ಹೇಳಿ.”

“ಅವರಿಗೆ ಕಿವಿ ಕೇಳ್ಸುತ್ತೆ ಮೇಡಂ,” ಎಂದಳು ಇವಳು.

ಹೆಡ್‌ಮಿಸ್ ಮುಖ ಕೆಂಪಾಯಿತು. ಮನೆಯ ದಾರಿ ಹಿಡಿದೆವು. ಬ್ಯಾಗ್ ನಾನೇ ಹಿಡಿದುಕೊಂಡೆ.

ಜೂನ್ 20, ಶುಕ್ರವಾರ. 12:30

ಕಾರಣ ಸಿಕ್ಕಿತು. ಪ್ರೊಜೆಕ್ಟರ್ ಚುಚ್ಚಿದೊಡನೆ ಚಿತ್ರದ ಜೊತೆ ಶಬ್ದವನ್ನೂ ಅದೇ ಕೇಬಲ್ಲಿಗೆ ಕಳಿಸಿಬಿಡುತ್ತದೆ. ಆ ಪ್ರೊಜೆಕ್ಟರಿಗೆ ಸ್ಪೀಕರೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ಮುಗಿಯಿತು. ಮನೆಯ ಟಿವಿಗೆ ಚುಚ್ಚಿ ಇಪ್ಪತ್ತು ಸಲ ತಾಳೆ ನೋಡಿದೆ.

ಹನ್ನೆರಡಕ್ಕೆ ಫೋನ್ ಬಂತು. ಇವಳೇ ಎತ್ತಿಕೊಂಡಳು. ಎರಡು ಸಲ ಹೂಂ ಅಂದಳು. ಆಮೇಲೆ, “ಇರಿ, ಅವರಿಗೇ ಕೊಡ್ತೀನಿ,” ಎಂದು ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಕೈಕಟ್ಟಿ ಕೂತಳು. ಆಪರೇಷನ್ ಆದ ಮೇಲೆ ನನಗೆಂದು ಯಾರೂ ಫೋನ್ ಕೊಟ್ಟಿರಲಿಲ್ಲ.

‘ನಮಸ್ಕಾರ ಮೇಡಂ. ನಾನೇ ಮಾತಾಡುತ್ತಿದ್ದೇನೆ.’

ಬಕೆಟ್ಟಿನ ದನಿಗೆ ಹೆದರಿದರೇನೋ. ಆಮೇಲೆ, “ಸರ್... ನೀವಾ? ಎಂಟನೇ ಕ್ಲಾಸ್ ಬಿ ಸೆಕ್ಷನ್ ಕೊಡ್ತೀನಿ ಸರ್. ಸೋಮವಾರದಿಂದ. ಒಂದೇ ಒಂದು ಷರತ್ತು, ದಿನಾ ನಿಮ್ಮ ಮನೆಯವರೂ ಜೊತೆಗೆ ಬಂದು ಕೂರ್ಲಿ. ಮಿಷನ್ನು ಕೆಟ್ರೆ ಅವರಾದ್ರೂ...”

‘ಬೇಡ. ನಾನೊಬ್ಬನೇ ಬರುತ್ತೇನೆ.’

“ಹಾಗಲ್ಲ ಸರ್, ನಿಮ್ಮ ಅನುಕೂಲಕ್ಕೇ...”

ಈ ದನಿಗೆ ಗಟ್ಟಿ ಮಾಡುವುದು ಗೊತ್ತಿಲ್ಲ. ಆಶ್ಚರ್ಯಸೂಚಕ ಹಾಕಿದರೂ ಅದೇ ರಾಗ. ಆದ್ದರಿಂದ ಎಂಟರ್ ಕೀಯನ್ನು ಮತ್ತೆ ಮತ್ತೆ ಕುಟ್ಟಿದೆ. ನಾನೊಬ್ಬನೇ ಬರುತ್ತೇನೆ. ನಾನೊಬ್ಬನೇ ಬರುತ್ತೇನೆ. ನಾನೊಬ್ಬನೇ ಬರುತ್ತೇನೆ.

“ಕೇಳಿಸ್ತು ಸರ್,” ಎಂದರು. “ಕೇಳಿಸ್ತು. ಒಬ್ಬರೇ ಬನ್ನಿ.”

ಫೋನ್ ಇಟ್ಟರು. ಇವಳ ಕಡೆ ನೋಡಿದೆ. ಮುಖ ಸಪ್ಪಗಿತ್ತು. ನೊಂದುಕೊಂಡಳೇ? ಕೇಳಿದೆ.

“ಇಲ್ಲಾರೀ. ಹಾಗಾದ್ರೆ ಸೋಮವಾರ ನಾನು ಸ್ವಲ್ಪ ಮಲಗ್ಬಹುದಾ ಅಂತ.” ಕಣ್ಣು ಒರೆಸಿಕೊಂಡಳು. “ಏನಾದ್ರೂ ಆದ್ರೆ ನಿಮಗೆ ಕೂಗೋಕಾಗಲ್ವಲ್ಲ. ರಾತ್ರಿಯೆಲ್ಲ ನಿಮ್ಮ ಉಸಿರು ಕೇಳಿಸ್ಕೊಳ್ತಾನೇ ಇರ್ತೀನಿ. ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ.”

ನನಗೆ ಗೊತ್ತೇ ಇರಲಿಲ್ಲ. ನೂರಾ ಎಂಬತ್ತೇಳು ವಾಕ್ಯಗಳಲ್ಲಿ ಅದಕ್ಕೆ ಹೇಳಬಹುದಾದದ್ದು ಒಂದೂ ಇರಲಿಲ್ಲ.

ಜೂನ್ 23, ಸೋಮವಾರ. ಬೆಳಗ್ಗೆ 8:05

ಟೀ ನಾನೇ ಮಾಡಿಕೊಂಡೆ. ಸೀಮೆಸುಣ್ಣ ಇದೆ, ಚಾರ್ಜರ್ ಇದೆ. ಬಸ್ಸಿಗೆ ಹದಿನೈದು ನಿಮಿಷ.

ಇವಳು ಇನ್ನೂ ಮಲಗಿದ್ದಾಳೆ. ಗೋಡೆಯ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣಗೆ ಗೊರಕೆ. ಎಬ್ಬಿಸಬಾರದು. ಹೇಳದೆ ಹೋಗಲು ಮನಸ್ಸಿಲ್ಲ. ಚೀಟಿ ಬರೆದಿಟ್ಟೆ, ಹರಿದುಹಾಕಿದೆ. ಲ್ಯಾಪ್‌ಟಾಪ್ ತೆರೆದು ‘ಹೋಗಿಬರ್ತೀನಿ ಕಣೇ’ ಎಂದು ಟೈಪ್ ಮಾಡಿದ್ದೇನೆ. ವಾಲ್ಯೂಮ್ ಐವತ್ತು. ಮೂವತ್ತು. ಇನ್ನೂ ಇಳಿಸಿದೆ, ಹನ್ನೆರಡು. ಇವಳ ಕಿವಿಯ ಹತ್ತಿರ ಹಿಡಿದು, ಒಂದೇ ಒಂದು ಸಲ ಎಂಟರ್ ಒತ್ತಿ ಹೊರಡುತ್ತೇನೆ.