ಗುಂಡಿ ಡಬ್ಬಿಯ ಮಾತ್ರೆಗಳು

ಬುಧವಾರ, ಮಧ್ಯಾಹ್ನ

ಪ್ರೀತಿಯ ಬಾಯಿಬಡುಕಿಗೆ,

ನಿನ್ನ ಅಕ್ಕನ ಆಶೀರ್ವಾದ. ನಿನ್ನ ಎರಡು ಪತ್ರ ಬಂದರೂ ಉತ್ತರವಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ, ಇನ್ನು ಪೆನ್ನು ಹಿಡಿಯುವ ಮಾತೆಲ್ಲಿ ಬಂತು! ನಿನ್ನ ಭಾವ ಆಸ್ಪತ್ರೆಯಲ್ಲಿದ್ದರು. ಈಗ ಮನೆಗೆ ಬಂದಿದ್ದಾರೆ, ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದಾರೆ. ಮೊದಲೇ ಹೇಳಿಬಿಟ್ಟೆ, ನೀನು ಎದೆ ಒಡೆದುಕೊಳ್ಳಬೇಡ.

ನಿಮ್ಮ ಮನೆಯಲ್ಲೂ ಎಲ್ಲರಿಗೂ ನೆಗಡಿ, ಕೆಮ್ಮು ಎಂದು ಬರೆದಿದ್ದೀಯ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೇ ಬಿಟ್ಟು ಪಕ್ಕದ ಮನೆಗೆ ಹರಟೆಗೆ ಓಡಬೇಡ.

ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಹೊಲಿಗೆ ಅಂಗಡಿ ಇಟ್ಟ ಮೇಲೆ ಏನು ಕಂಡರೂ ಕತ್ತರಿಸಿ, ಬಣ್ಣ ನೋಡಿ ಡಬ್ಬಿಗೆ ಹಾಕುವ ಚಾಳಿ. ಮಾತ್ರೆಗಳ ಪಟ್ಟಿಯನ್ನೂ ಒಂದೊಂದಾಗಿ ಕತ್ತರಿಸಿ ಗುಂಡಿ ಡಬ್ಬಿಯ ಖಾನೆಗಳಲ್ಲಿ ಜೋಡಿಸಿಟ್ಟಿದ್ದೆ. ಬಿಳಿಯದು ಜ್ವರಕ್ಕೆ, ಹಳದಿಯದು ನೆಗಡಿಗೆ. ರಟ್ಟಿನ ಪೆಟ್ಟಿಗೆ, ಅದರೊಳಗಿನ ಕಾಗದ ಎಲ್ಲ ಕಸಕ್ಕೆ. ನೋಡಿದವರೆಲ್ಲ "ಎಷ್ಟು ಅಚ್ಚುಕಟ್ಟು!" ಅಂದರೆ ನಾನು ಉಬ್ಬಿಹೋಗುತ್ತಿದ್ದೆ.

ನಿನ್ನ ಭಾವನಿಗೆ ನೆಗಡಿ ಶುರುವಾಗಿ ಜ್ವರಕ್ಕೆ ತಿರುಗಿತು. ಹಳದಿ ಮಾತ್ರೆ ತಗೊಂಡರೆ ನಿದ್ದೆ ಬರುತ್ತದೆಂದು ಶಾಲೆಯ ವ್ಯಾನ್ ಓಡಿಸಲು ಬಿಡದೆ ಮಲಗಿಸಿದೆ. ಅಷ್ಟು ಬುದ್ಧಿ ಇತ್ತು ನೋಡು ನನಗೆ! ಜ್ವರಕ್ಕೆ ಬಿಳಿಯದು ಕೊಟ್ಟೆ, ಮೂಗಿಗೆ ಹಳದಿಯದು ಕೊಟ್ಟೆ, ಅದರ ಮೇಲೆ ಬಿಸಿನೀರಿಗೆ ಕದಡುವ ನೆಗಡಿ ಪುಡಿ. ಕಡಿಮೆಯಾಗಲಿಲ್ಲ ಅಂದರೆ ಇನ್ನೊಂದು ಸುತ್ತು. ಮೂರೂ ಬೇರೆ ಬೇರೆ ಔಷಧಿ ಎಂದೇ ನಂಬಿದ್ದೆ.

ಕೆಲವು ದಿನ ಹೀಗೇ ನಡೆಯಿತು. ಆಮೇಲೆ ತಿಂದದ್ದೆಲ್ಲ ವಾಂತಿ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವೆಂದು ಮುದುಡಿಕೊಂಡರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ, ಕೊಟ್ಟ ಮಾತ್ರೆಗಳನ್ನೆಲ್ಲ ತಂದು ತೋರಿಸಲು ಹೇಳಿದರು. ಡಬ್ಬಿಯನ್ನೇ ಹೊತ್ತು ತಂದೆ. ಒಂದೊಂದು ತುಂಡನ್ನೂ ತಿರುಗಿಸಿ ನೋಡಿದರು. ಹೆಸರಿನ ಒಂದೆರಡು ಅಕ್ಷರ ಬಿಟ್ಟರೆ ಏನೂ ಉಳಿದಿರಲಿಲ್ಲ. ಕೊನೆಗೆ ನಾನು ಕೊಂಡ ಔಷಧಿ ಅಂಗಡಿಗೇ ಫೋನ್ ಮಾಡಿ ವಿಚಾರಿಸಿಕೊಂಡು ಬಂದರು.

"ಬಣ್ಣ ಬೇರೆ ಅಷ್ಟೇಮ್ಮಾ. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ. ಅಳತೆ ಮೀರಿ ಹೋಗಿದೆ. ಲಿವರ್‌ಗೆ ಪೆಟ್ಟಾಗಿರಬಹುದು."

"ಅಂಗಡೀಲಿ ಚೀಟಿ ಇಲ್ದೆ ಕೊಡೋ ಮಾತ್ರೆ ಅಲ್ವಾ ಡಾಕ್ಟ್ರೇ?" ಅಂದೆ.

"ಚೀಟಿ ಇಲ್ದೆ ಕೊಟ್ರೂ ಔಷಧಿ ಔಷಧೀನೇ."

ಡ್ರಿಪ್ ಹಾಕಿದರು, ಮತ್ತೆ ಮತ್ತೆ ರಕ್ತ ತೆಗೆದರು. ರಿಪೋರ್ಟ್ ಹಿಡಿದು ನರ್ಸ್ ಬಂದಾಗಲೆಲ್ಲ ಅವರ ಮುಖ ನೋಡಲು ಹೆದರಿ ಚಪ್ಪಲಿ ನೋಡುತ್ತಿದ್ದೆ. ಕಣ್ಣಿನ ಬಿಳಿ ಹಳದಿಗೆ ತಿರುಗಿತೇ ಎಂದು ನಿನ್ನ ಭಾವನ ರೆಪ್ಪೆ ಎತ್ತಿ ಎತ್ತಿ ಪರೀಕ್ಷೆ ಮಾಡುತ್ತಿದ್ದೆ. "ಮಲಗೋಕಾದ್ರೂ ಬಿಡೇ" ಎಂದು ಗೊಣಗಿದರೆ ಹೋದ ಜೀವ ಬಂದಂತಾಗುತ್ತಿತ್ತು. ಸುಮ್ಮನಿದ್ದರೆ ಮತ್ತೆ ಅದೇ ಭಯ. ಕೈಯಾರೆ ಕೊಂದುಬಿಟ್ಟೆನೇ ಎಂದು ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಿದ್ದೇನೆ.

ಲಿವರ್ ಚೇತರಿಸಿಕೊಳ್ಳುತ್ತಿದೆಯಂತೆ. ತಡ ಮಾಡದೆ ಕರೆತಂದಿದ್ದು ಒಳ್ಳೆಯದಾಯಿತು ಅಂದರು. ಆದರೂ ನಿನ್ನ ಭಾವ ಒಂದು ಸಲ ಕೆಮ್ಮಿದರೆ ಸಾಕು, ಹೊಲಿಗೆ ಬಿಟ್ಟು ಓಡಿ ರೆಪ್ಪೆ ಎತ್ತಿ ನೋಡುತ್ತೇನೆ.

ನೀನು ಈಗಲೇ ಎದ್ದು ನಿಮ್ಮ ಮನೆಯ ನೆಗಡಿ ಮಾತ್ರೆಯಲ್ಲಿ ಏನೇನಿದೆ ಓದು. ಕನ್ನಡಕ ಹಾಕಿಕೊಂಡೇ ಓದು, ಜಂಬ ಬೇಡ. ಅದರಲ್ಲೇ ಜ್ವರದ ಔಷಧಿಯೂ ಸೇರಿದ್ದರೆ ಮೇಲೆ ಇನ್ನೊಂದು ನುಂಗಬೇಡಿ. ನಿಮ್ಮತ್ತೆಗೆ ಬಿಪಿ ಇದೆಯೆಂದು ಅಂಗಡಿಯವರಿಗೆ ಹೇಳಿ, ಅವರಿಗೆ ಯಾವುದು ಆಗುತ್ತದೆ ಎಂದು ಕೇಳಿಯೇ ತಾ. ದೊಡ್ಡವರ ಸಿರಪ್ಪನ್ನು ಸ್ವಲ್ಪ ಸ್ವಲ್ಪ ಮಕ್ಕಳಿಗೆ ಕುಡಿಸುವ ನಿನ್ನ ಜಾಣತನ ಇವತ್ತಿಗೇ ನಿಲ್ಲಿಸು.

ನಿಮ್ಮೆಲ್ಲರ ಮೂಗು, ಗಂಟಲು ಬೇಗ ನೆಟ್ಟಗಾಗಲಿ. ಗಂಡ, ಮಕ್ಕಳೊಂದಿಗೆ ನೂರು ಕಾಲ ನಗುತ್ತಾ ಬಾಳು.

ನಿನ್ನ
ಅಕ್ಕ

ವಿ.ಸೂ.: ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿದರು. ನಾನು ಪರದೆಯಾಚೆಯೇ ನಿಂತಿದ್ದೆ. "ಮನೇಲಿ ಜಗಳ ಏನಾದ್ರೂ ಇದೆಯಾ? ನಿಮ್ಮ ಹೆಂಡ್ತಿ ಬೇಕಂತಲೇ ಕೊಟ್ಟಿರಬಹುದಾ?" ಎಂದು ನಿನ್ನ ಭಾವನನ್ನು ಕೇಳಿದರು. ಅವರು ಕಾಯಿಲೆ ಬೀಳುವ ಹಿಂದಿನ ವಾರ ನಮಗೆ ಜೋರು ಜಗಳವಾಗಿತ್ತು. "ನೀವು ಸತ್ರೆ ನಾನು ನೆಮ್ಮದಿಯಾಗಿರ್ತೀನಿ" ಅಂದುಬಿಟ್ಟಿದ್ದೆ, ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಡಾಕ್ಟರಮ್ಮನಿಗೆ ಅವರು ತಕ್ಷಣ ಉತ್ತರ ಕೊಡಲಿಲ್ಲ ಕಣೇ. ಯಾರೋ ಸ್ಟ್ರೆಚರ್ ತಳ್ಳಿಕೊಂಡು ಬಂದರು, ನನ್ನನ್ನು ದಾಟಿ ಮೂಲೆ ತಿರುಗಿಯೂ ಹೋದರು. ಆಮೇಲೆ "ಇಲ್ಲ ಡಾಕ್ಟ್ರೇ, ಅವಳು ಅಂಥೋಳಲ್ಲ" ಅಂದರು. ಅಷ್ಟು ಹೊತ್ತು ಏನು ಯೋಚಿಸುತ್ತಿದ್ದಿರಿ ಎಂದು ಅವರನ್ನು ಕೇಳಲು ನನಗೆ ಭಯ.