ತಮ್ಮನಿಗೆ ಹತ್ತು ಕೇಸ್ ಬಿಯರ್

ಅರಕಲಗೂಡು

ಅಬಕಾರಿ ಇನ್‌ಸ್ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ಖುಷಿಯಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಹೊಳೆನರಸೀಪುರದಲ್ಲಿ ಬಾರ್ ನಡೆಸುವ ನನ್ನ ತಮ್ಮ ಪೃಥ್ವಿರಾಜ್ ಬೆಳಿಗ್ಗೆ ಫೋನ್ ಮಾಡಿದ್ದ. ಅಪ್ಪನ ಬಾರ್ ನನ್ನ ಪಾಲಿಗೆ ಬಂದ ಮೇಲೆ ಅವನು ನನ್ನ ಜೊತೆ ಮಾತಾಡಿದ್ದು ಇದೇ ಮೊದಲು.

"ಡಿಪೋದಿಂದ ಲೋಡ್ ಬಂದಿಲ್ಲ ಕಣಕ್ಕ. ನಾಳೆ ದೊಡ್ಡ ಪಾರ್ಟಿ ಐತೆ, ಹತ್ತು ಕೇಸ್ ಬಿಯರ್ ಕೊಡ್ತೀಯಾ?" ಅಂದ.

ಅಕ್ಕ ಅಂದ ಸಾರ್. ತಕ್ಷಣ ಗೂಡ್ಸ್ ಆಟೋಗೆ ಹಾಕಿಸಿಬಿಟ್ಟೆ. ಆಮೇಲೆ, ನಿಮ್ಮ ಅನುಮತಿಯಿಲ್ಲದೆ ಒಂದು ಲೈಸೆನ್ಸಿನ ಮಾಲು ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ ಎಂದು ನೆನಪಾಗಿ, ಎಲ್ಲವನ್ನೂ ಇಳಿಸಿದೆ.

ದಯವಿಟ್ಟು ಇವತ್ತೇ ಅನುಮತಿ ಕೊಡಿ. ಆಗುವುದೇ ಇಲ್ಲವೆಂದರೆ ನೀವೇ ಅವನಿಗೆ ಫೋನ್ ಮಾಡಿ, 'ಅಕ್ಕ ಗಾಡಿಗೆ ಏರಿಸಿದ್ದಳು, ತಡೆದದ್ದು ನಾನು' ಎಂದು ಹೇಳಿಬಿಡಿ.

ನಿಮ್ಮ ಕಚೇರಿಯ ಬೆಂಚಿನಲ್ಲೇ ಕಾಯುತ್ತಿರುವ,
ಭಾನುಪ್ರಿಯಾ